ಕಾಲೇಜಿಗೆ ಹೊರಗಿನಿಂದ ಬಂದ ಪ್ರಾಜೆಕ್ಟ್ ಹಣ: ಪದೇ ಪದೇ ಕೇಳುವ ಪ್ರಶ್ನೆಗಳು

ಡಿಗ್ರಿ ಕಾಲೇಜು, ಇಂಜಿನಿಯರಿಂಗ್ ಕಾಲೇಜುಗಳ ಮೇಷ್ಟ್ರುಗಳೂ ಆಫೀಸಿನವರೂ ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಪ್ರಾಜೆಕ್ಟ್ ಫೈಲುಗಳ ಜೊತೆಗೇ ದಿನ ಕಳೆಯುವ ನನಗೆ ಒಂದು ಮಾತು ಚೆನ್ನಾಗಿ ಗೊತ್ತಾಗಿದೆ. ಹಣದ ವಿಷಯದಲ್ಲಿ ಆಗುವ ಹೆಚ್ಚಿನ ತೊಂದರೆ ಕಳ್ಳತನದಿಂದ ಆಗುವುದಿಲ್ಲ. ಮಂಜೂರಾತಿ ಆದೇಶವನ್ನು ಮೇಷ್ಟ್ರೂ ಆಫೀಸಿನವರೂ ಜೊತೆಗೆ ಕೂತು ಓದದೇ ಇರುವುದರಿಂದ ಆಗುತ್ತದೆ. ಅದರ ಪೆಟ್ಟು ಬೀಳುವುದು ಇವರಿಬ್ಬರಿಗೂ ಅಲ್ಲ, ತಿಂಗಳ ಸ್ಟೈಪೆಂಡ್ ನಂಬಿಕೊಂಡು ಊರು ಬಿಟ್ಟು ಬಂದ ಹುಡುಗ ಹುಡುಗಿಯರಿಗೆ.

ಯಾವ ಹಣವನ್ನು ‘ಹೊರಗಿನ ಗ್ರಾಂಟ್’ ಅನ್ನಬೇಕು? ಕನ್ಸಲ್ಟೆನ್ಸಿ ಹಣವೂ ಅದರಲ್ಲೇ ಬರುತ್ತಾ?

ಇಲ್ಲ, ಎರಡೂ ಬೇರೆ. ಒಂದು ಸಂಸ್ಥೆ ಇಂಥ ಕೆಲಸ ಮಾಡಿ ಅಂತ ಷರತ್ತು ಹಾಕಿ ಕೊಟ್ಟ ಹಣ ಗ್ರಾಂಟ್. ಕೇಂದ್ರದ ವಿಜ್ಞಾನ, ವೈದ್ಯಕೀಯ, ಸಮಾಜ ವಿಜ್ಞಾನ, ತಾಂತ್ರಿಕ ಶಿಕ್ಷಣದ ಸಂಸ್ಥೆಗಳಾದ ಡಿಎಸ್‌ಟಿ, ಡಿಬಿಟಿ, ಐಸಿಎಂಆರ್, ಐಸಿಎಸ್‌ಎಸ್‌ಆರ್, ಸಿಎಸ್‌ಐಆರ್, ಎಐಸಿಟಿಇ, ನಮ್ಮ ರಾಜ್ಯದ ವಿಜ್ಞಾನ ಸಂಸ್ಥೆಗಳಾದ ವಿಜಿಎಸ್‌ಟಿ ಮತ್ತು ಕೆಎಸ್‌ಸಿಎಸ್‌ಟಿ, ಇವೆಲ್ಲ ಗ್ರಾಂಟ್ ಕೊಡುತ್ತವೆ. ಮೊದಲು ಸಂಶೋಧನೆಗೆ ಹಣ ಕೊಡುವ ಕೇಂದ್ರದ ಮಂಡಳಿ ಎಸ್‌ಇಆರ್‌ಬಿ ಇತ್ತಲ್ಲ, ಅದು ಈಗ 2023ರ ಕಾಯ್ದೆಯಿಂದ ಬಂದ ಎಎನ್‌ಆರ್‌ಎಫ್ (ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ) ಒಳಗೆ ಸೇರಿದೆ. ಹಳೆಯ ಎಸ್‌ಇಆರ್‌ಬಿ ಪ್ರಾಜೆಕ್ಟ್‌ಗಳ ಪತ್ರವ್ಯವಹಾರವೂ ಈಗ ಅಲ್ಲಿಗೇ.

ಸಿಮೆಂಟ್ ಕಂಪನಿಯೊಂದು ತನ್ನ ಸ್ಯಾಂಪಲ್ ಕಳಿಸಿ ಟೆಸ್ಟ್ ಮಾಡಿಕೊಡಿ ಅಂತ ಸಿವಿಲ್ ವಿಭಾಗಕ್ಕೆ ದುಡ್ಡು ಕೊಟ್ಟರೆ ಅದು ಕನ್ಸಲ್ಟೆನ್ಸಿ. ಅದಕ್ಕೆ ಬಿಲ್ಲು ಹಾಕಬೇಕು, ಜಿಎಸ್‌ಟಿ ಕಟ್ಟಬೇಕು, ಯುಸಿ (ಹಣ ಬಳಕೆಯ ಪ್ರಮಾಣಪತ್ರ) ಕೊಡುವ ಪ್ರಶ್ನೆ ಇಲ್ಲ. ಎರಡನ್ನೂ ಒಂದೇ ಲೆಡ್ಜರಿನಲ್ಲಿ ಬರೆದರೆ ಮುಂದೆ ಬಿಡಿಸುವುದು ಕಷ್ಟ.

ಅರ್ಜಿ ಹಾಕುವ ಮುಂಚೆ ಕಾಲೇಜಿನಲ್ಲಿ ಏನೇನು ಇರಬೇಕು?

ಕೇಂದ್ರದ ಬಹುತೇಕ ಯೋಜನೆಗಳಿಗೆ ಯುಜಿಸಿ ಕಾಯ್ದೆಯ 2(ಎಫ್), 12(ಬಿ) ಮಾನ್ಯತೆ, ಅಂದರೆ ಕಾಲೇಜು ಕೇಂದ್ರದ ಹಣ ಪಡೆಯಲು ಅರ್ಹ ಅನ್ನುವ ಮಾನ್ಯತೆ ಕೇಳುತ್ತಾರೆ. ಖಾಸಗಿ ಕಾಲೇಜಾದರೆ ಅದನ್ನು ನಡೆಸುವ ಟ್ರಸ್ಟ್ ಅಥವಾ ಸೊಸೈಟಿಗೆ ಎನ್‌ಜಿಒ ದರ್ಪಣ್ ನಂಬರ್ (ಸ್ವಯಂಸೇವಾ ಸಂಸ್ಥೆಗಳ ಸರ್ಕಾರಿ ಪೋರ್ಟಲ್ಲಿನ ನೋಂದಣಿ) ಬೇಕಾಗುತ್ತದೆ. ಕೇಂದ್ರದ ಹಣ ಪಾವತಿ ಪೋರ್ಟಲ್ ಆದ ಪಿಎಫ್‌ಎಂಎಸ್‌ನಲ್ಲಿ ಕಾಲೇಜಿನ ನೋಂದಣಿ ಆಗಿರಬೇಕು. ಪ್ಯಾನ್, ಟ್ಯಾನ್ (ತೆರಿಗೆ ಕಡಿತದ ನಂಬರ್) ಯಾರ ಹೆಸರಿನಲ್ಲಿವೆ ಅಂತ ನೋಡಿ. ಕಾಲೇಜಿಗೆ ಒಂದು ಹೆಸರು, ಟ್ರಸ್ಟಿಗೆ ಇನ್ನೊಂದು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮೂರನೆಯದು ಇದ್ದರೆ ಹಣ ಬರುವ ಹೊತ್ತಿಗೆ ಸಿಕ್ಕಿಹಾಕಿಕೊಳ್ಳುತ್ತೀರಿ. ‘ಶ್ರೀ’ ಅನ್ನೋ ಒಂದಕ್ಷರದ ವ್ಯತ್ಯಾಸಕ್ಕೇ ಹಣ ವಾಪಸ್ ಹೋಗಬಹುದು.

ಮನುಷ್ಯರ ಮೇಲಿನ ಅಧ್ಯಯನ, ಪ್ರಾಣಿ ಪ್ರಯೋಗ, ರೀಕಾಂಬಿನೆಂಟ್ ಡಿಎನ್‌ಎ ಕೆಲಸ ಇದ್ದರೆ ಆಯಾ ಸಮಿತಿಯ ಒಪ್ಪಿಗೆ ಮೊದಲೇ ಬೇಕು. ಸಮೀಕ್ಷೆ ಮಾಡುವ ಸಮಾಜಶಾಸ್ತ್ರದವರು ‘ನಾವು ಸುಮ್ನೆ ಪ್ರಶ್ನೆ ಕೇಳ್ತೀವಿ ಅಷ್ಟೇ’ ಅಂತಾರೆ. ಪ್ರಶ್ನೆ ಕೇಳುವುದೂ ಜನರ ಮೇಲಿನ ಅಧ್ಯಯನವೇ.

ಬಜೆಟ್ ಮೇಷ್ಟ್ರು ಬರೆಯಬೇಕಾ, ಆಫೀಸಿನವರು ಬರೆಯಬೇಕಾ?

ಏನು ಬೇಕು ಅನ್ನೋದು ಮೇಷ್ಟ್ರಿಗೆ ಗೊತ್ತು, ಅದು ಕೊನೆಗೆ ಎಷ್ಟಕ್ಕೆ ಬೀಳುತ್ತದೆ ಅನ್ನೋದು ಆಫೀಸಿಗೆ ಗೊತ್ತು. ಇಬ್ಬರೂ ಕೂತು ಬರೆಯಬೇಕು. ಒಂದು ಉದಾಹರಣೆ ಹೇಳುತ್ತೇನೆ. ಸಂಶೋಧನಾ ಉಪಕರಣಗಳಿಗೆ ಡಿಎಸ್‌ಐಆರ್ (ಕೇಂದ್ರದ ವಿಜ್ಞಾನ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆ) ನೋಂದಣಿ ತೋರಿಸಿದರೆ ಮೊದಲು ಶೇ 5ರಷ್ಟೇ ಜಿಎಸ್‌ಟಿ ಇತ್ತು. 2022ರ ಜುಲೈನಲ್ಲಿ ಆ ರಿಯಾಯಿತಿ ಹೋಯಿತು. ಈಗ ಹೆಚ್ಚಿನ ಉಪಕರಣಗಳಿಗೆ ಶೇ 18 ಬೀಳುತ್ತದೆ. 10 ಲಕ್ಷದ ಉಪಕರಣಕ್ಕೆ ಹಳೆಯ ಲೆಕ್ಕ ಹಿಡಿದು 10.5 ಲಕ್ಷ ಕೇಳಿದವರಿಗೆ ಬಿಲ್ಲು 11.8 ಲಕ್ಷಕ್ಕೆ ಬಂತು. ಆ 1.3 ಲಕ್ಷ ಯಾರು ಕೊಡಬೇಕು? ಗ್ರಾಂಟ್ ಕೊಟ್ಟ ಏಜೆನ್ಸಿ ಅಂತೂ ಕೊಡುವುದಿಲ್ಲ.

ಆದ್ದರಿಂದ ಕೊಟೇಶನ್ ತರಿಸುವಾಗ ತೆರಿಗೆ, ಸಾಗಣೆ, ಅಳವಡಿಕೆ ಎಲ್ಲ ಸೇರಿಸಿ ಬರೆಸಿಕೊಳ್ಳಿ. ವಿದೇಶದ ಉಪಕರಣವಾದರೆ ಡಾಲರ್ ಏರಿಕೆಗೂ ಸ್ವಲ್ಪ ಜಾಗ ಬಿಡಿ. ವಾರಂಟಿ ಮುಗಿದ ಮೇಲಿನ ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಯಾರ ತಲೆಗೆ ಅಂತಲೂ ಆಗಲೇ ಪ್ರಿನ್ಸಿಪಾಲರ ಹತ್ತಿರ ಮಾತಾಡಿ. ಆ ಮಾತು ಆಗದೇ ಎಷ್ಟೋ ಒಳ್ಳೆಯ ಯಂತ್ರಗಳು ಲ್ಯಾಬಿನ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿವೆ.

ಮಂಜೂರಾತಿ ಆದೇಶ ಬಂದಿದೆ. ಮೊದಲು ಏನು ಮಾಡಬೇಕು?

ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ, ಖುಷಿಪಡಿ, ಆಮೇಲೆ ಪ್ರಿಂಟ್ ತೆಗೆದು ಮೂರು ಜನ ಕೂತು ಓದಿ: ಪಿಐ (ಪ್ರಾಜೆಕ್ಟ್ ನಡೆಸುವ ಮೇಷ್ಟ್ರು), ಅಕೌಂಟ್ಸ್‌ನವರು, ಪ್ರಿನ್ಸಿಪಾಲರು. ಒಟ್ಟು ಎಷ್ಟು ಮಂಜೂರಾಗಿದೆ, ಮೊದಲ ಕಂತು ಎಷ್ಟು, ಯಾವ ಹೆಡ್‌ಗೆ (ಖರ್ಚಿನ ಬಾಬ್ತಿಗೆ) ಎಷ್ಟು, ಅವಧಿ ಯಾವತ್ತಿನಿಂದ ಶುರು ಅಂತ ಗುರುತು ಹಾಕಿಕೊಳ್ಳಿ. ಕೆಲವು ಕಡೆ ಆದೇಶದ ತಾರೀಖಿನಿಂದ ಅವಧಿ ಶುರು, ಕೆಲವು ಕಡೆ ಹಣ ಬಂದ ದಿನದಿಂದ. ಇದು ಸಣ್ಣ ವಿಷಯ ಅನ್ನಿಸುತ್ತೆ, ಆದರೆ ಅವಧಿಗೆ ಮುಂಚೆ ಮಾಡಿದ ಖರ್ಚನ್ನು ಆಡಿಟ್‌ನಲ್ಲಿ ಒಪ್ಪುವುದಿಲ್ಲ.

ಕೇಳಿದ ಬಜೆಟ್ಟಿಗೂ ಮಂಜೂರಾದ ಬಜೆಟ್ಟಿಗೂ ವ್ಯತ್ಯಾಸ ಇದ್ದೇ ಇರುತ್ತದೆ. ಸಮಿತಿಯವರು ಕಂಪ್ಯೂಟರ್ ಕಿತ್ತುಹಾಕಿರುತ್ತಾರೆ, ಪ್ರಯಾಣ ಅರ್ಧ ಮಾಡಿರುತ್ತಾರೆ. ಮೇಷ್ಟ್ರ ತಲೆಯಲ್ಲಿ ಮಾತ್ರ ಹಳೆಯ ಬಜೆಟ್ಟೇ ಉಳಿದಿರುತ್ತದೆ. ಆಮೇಲೆ ಲ್ಯಾಪ್‌ಟಾಪ್ ಬಿಲ್ಲು ತಂದು ಕನ್ಸ್ಯೂಮಬಲ್ಸ್‌ಗೆ ಹಾಕಿ ಅಂತಾರೆ. ಆಗಲ್ಲ ಸರ್, ಅಂದಾಗ ಆಫೀಸಿನವರು ಕೆಟ್ಟವರಾಗುತ್ತಾರೆ. ಮೊದಲ ದಿನವೇ ಜೊತೆಗೆ ಓದಿದರೆ ಈ ಜಗಳ ಇಲ್ಲ.

ಆಮೇಲೆ ಆ ಪ್ರಾಜೆಕ್ಟಿಗೇ ಒಂದು ಫೈಲು, ಒಂದು ಲೆಡ್ಜರ್, ಒಂದು ಸ್ಟಾಕ್ ಬುಕ್ ತೆರೆಯಿರಿ. ಫೈಲಿನ ಮೊದಲ ಹಾಳೆಯಲ್ಲೇ ಮುಖ್ಯ ತಾರೀಖುಗಳನ್ನು ದೊಡ್ಡದಾಗಿ ಬರೆದು ಅಂಟಿಸಿ: ವರದಿ ಯಾವಾಗ, ಯುಸಿ ಯಾವಾಗ, ಮುಗಿಯುವುದು ಯಾವಾಗ.

ಪ್ರತಿ ಪ್ರಾಜೆಕ್ಟಿಗೂ ಬೇರೆ ಬ್ಯಾಂಕ್ ಖಾತೆ ಬೇಕಾ? ‘ಜೀರೋ ಬ್ಯಾಲೆನ್ಸ್ ಖಾತೆ’ ಅಂದ್ರೇನು?

ಹಿಂದೆ ಹಣ ನೇರವಾಗಿ ಕಾಲೇಜಿನ ಖಾತೆಗೆ ಬಂದು ಬೀಳುತ್ತಿತ್ತು. ಬಡ್ಡಿಯೂ ಬರುತ್ತಿತ್ತು. ಈಗ ಕೇಂದ್ರದ ಅನೇಕ ಯೋಜನೆಗಳಲ್ಲಿ ಹಾಗಿಲ್ಲ. ಏಜೆನ್ಸಿ ಹೇಳಿದ ಬ್ಯಾಂಕಿನಲ್ಲಿ ನಿಮ್ಮ ಹೆಸರಿನಲ್ಲಿ ಜೀರೋ ಬ್ಯಾಲೆನ್ಸ್ ಸಬ್ಸಿಡಿಯರಿ ಖಾತೆ ತೆರೆಯುತ್ತಾರೆ. ಅದರಲ್ಲಿ ದುಡ್ಡು ಇರುವುದಿಲ್ಲ, ಇಷ್ಟು ಖರ್ಚು ಮಾಡಬಹುದು ಅಂತ ಒಂದು ಮಿತಿ ಮಾತ್ರ ಇರುತ್ತದೆ. ನೀವು ಪಿಎಫ್‌ಎಂಎಸ್‌ನಲ್ಲಿ ಪಾವತಿ ಮಾಡಿದಾಗ ಹಣ ಮೇಲಿನ ಖಾತೆಯಿಂದ ನೇರ ಅಂಗಡಿಯವರಿಗೋ ವಿದ್ಯಾರ್ಥಿಗೋ ಹೋಗುತ್ತದೆ. ರೇಷನ್ ಅಂಗಡಿಯ ಹಾಗೆ ಇದು: ಈ ತಿಂಗಳ ಪಾಲು ಈ ತಿಂಗಳೇ ತಗೋಬೇಕು, ಮನೆಯಲ್ಲಿ ಜಾಗ ಇಲ್ಲ ಆಮೇಲೆ ಬರ್ತೀನಿ ಅಂದರೆ ನಡೆಯಲ್ಲ.

ಪಿಎಫ್‌ಎಂಎಸ್‌ನಲ್ಲಿ ಒಬ್ಬರು ಪಾವತಿ ತಯಾರಿಸಬೇಕು, ಇನ್ನೊಬ್ಬರು ಒಪ್ಪಬೇಕು. ಮೇಕರ್, ಚೆಕರ್ ಅಂತಾರೆ. ಇಬ್ಬರ ಪಾಸ್‌ವರ್ಡೂ ಒಬ್ಬರ ಜೇಬಿನಲ್ಲೇ ಇರುವ ಕಾಲೇಜುಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ. ಏನಾದರೂ ಹೆಚ್ಚುಕಮ್ಮಿ ಆದರೆ ಸಹಿ ಯಾರ ಹೆಸರಿನಲ್ಲಿದೆಯೋ ಅವರೇ ಉತ್ತರ ಕೊಡಬೇಕು. ಆದರೂ ಗುಮಾಸ್ತರೊಬ್ಬರು ಪ್ರಿನ್ಸಿಪಾಲರ ಪರವಾಗಿ ಒತ್ತಿದ ಬಟನ್ನಿಗೆ ಆ ಬಡ ಗುಮಾಸ್ತರೇ ವರ್ಷಗಟ್ಟಲೆ ಅಲೆಯಬೇಕಾಗುತ್ತದೆ.

ಹಳೆಯ ಪದ್ಧತಿಯಲ್ಲೇ ಹಣ ಬಂದಿದ್ದರೆ ಪ್ರಾಜೆಕ್ಟಿಗೆ ಬೇರೆ ಉಳಿತಾಯ ಖಾತೆ ಇಡಿ. ಬಡ್ಡಿ ನಿಮ್ಮದಲ್ಲ. ಕೇಂದ್ರದ ಗ್ರಾಂಟಿನ ಮೇಲೆ ಬಂದ ಬಡ್ಡಿಯನ್ನು ಭಾರತ್‌ಕೋಶ್ ಪೋರ್ಟಲ್ ಮೂಲಕ ಸರ್ಕಾರಕ್ಕೆ ಕಟ್ಟಿ, ರಸೀದಿಯನ್ನು ಯುಸಿ ಜೊತೆ ಲಗತ್ತಿಸಬೇಕು.

ಮಾರ್ಚ್ 31ಕ್ಕೆ ಉಳಿದ ಹಣ ಏನಾಗುತ್ತೆ?

ಜೀರೋ ಬ್ಯಾಲೆನ್ಸ್ ಖಾತೆಯಲ್ಲಿ ಬಳಸದ ಮಿತಿ ಅವತ್ತಿಗೆ ಮುಗಿಯುತ್ತದೆ. ಪ್ರಾಜೆಕ್ಟ್ ನಡೆಯುತ್ತಿದ್ದರೆ ಹೊಸ ವರ್ಷದಲ್ಲಿ ಮತ್ತೆ ಕೊಡಬಹುದು, ಆದರೆ ಅದು ಯಾವಾಗ ಬರುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಹಾಗಂತ ಮಾರ್ಚ್ ಕೊನೆಯ ವಾರದಲ್ಲಿ ಸಿಕ್ಕಿದ್ದನ್ನೆಲ್ಲ ಕೊಳ್ಳುವುದೂ ತಪ್ಪು. ವಸ್ತು ಬರುವ ಮೊದಲೇ ಪೂರ್ತಿ ಹಣ ಕೊಟ್ಟುಬಿಡಿ ಅಂತ ಸಪ್ಲೈಯರ್‌ಗಳು ಒತ್ತಾಯ ಮಾಡುವುದು ಇದೇ ಸಮಯದಲ್ಲಿ. ಕೇಂದ್ರದ ಹಣಕಾಸು ನಿಯಮ, ಅಂದರೆ ಜಿಎಫ್‌ಆರ್ 2017ರ ಪ್ರಕಾರ, ಖಾಸಗಿ ಕಂಪನಿಗೆ ಮುಂಗಡ ಸಾಮಾನ್ಯವಾಗಿ ಶೇ 30 ಮೀರಬಾರದು. ಅದೂ ಬ್ಯಾಂಕ್ ಗ್ಯಾರಂಟಿ ಥರದ ಭದ್ರತೆ ಇಟ್ಟುಕೊಂಡೇ.

ಸರಿಯಾದ ದಾರಿ ಅಂದರೆ ಉಪಕರಣದ ಆರ್ಡರನ್ನು ಸೆಪ್ಟೆಂಬರ್ ಒಳಗೆ ಕೊಡುವುದು. ದಸರಾ ದೀಪಾವಳಿ ರಜೆ, ಪರೀಕ್ಷೆ, ಚುನಾವಣಾ ಕೆಲಸ, ನ್ಯಾಕ್ ತಂಡದ ಭೇಟಿ ಅಂತ ನಮ್ಮ ಕಾಲೇಜುಗಳ ವರ್ಷ ಹೇಗೆ ಕರಗುತ್ತದೆ ಅಂತ ನಿಮಗೇ ಗೊತ್ತಲ್ವಾ.

ಓವರ್‌ಹೆಡ್ ಹಣ ಯಾರದು? ಮ್ಯಾನೇಜ್‌ಮೆಂಟಿನವರು ಪೂರ್ತಿ ಇಟ್ಟುಕೊಳ್ಳಬಹುದಾ?

ಓವರ್‌ಹೆಡ್ ಸಂಸ್ಥೆಗೆ ಸೇರಿದ್ದು, ಪಿಐಗೆ ಅಲ್ಲ. ಕರೆಂಟು, ನೀರು, ಜಾಗ, ಆಫೀಸಿನ ಕೆಲಸ ಇದಕ್ಕೆಲ್ಲ ಅಂತ ಕೊಡುವುದು. ಪ್ರಮಾಣ ಯೋಜನೆಯಿಂದ ಯೋಜನೆಗೆ ಬೇರೆ, ನಿಮ್ಮ ಆದೇಶದಲ್ಲಿ ಇರುವುದೇ ಲೆಕ್ಕ.

ಆದರೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಇದರಲ್ಲಿ ಒಂದು ಪಾಲನ್ನು ಪ್ರಾಜೆಕ್ಟ್ ನಡೆಯುವ ವಿಭಾಗಕ್ಕೆ, ಒಂದು ಪಾಲನ್ನು ಸ್ಟೈಪೆಂಡ್ ತಡವಾದಾಗ ಕೈಹಿಡಿಯುವ ನಿಧಿಗೆ ಇಡಬೇಕು. ಎಷ್ಟೆಷ್ಟು ಅಂತ ಆಡಳಿತ ಮಂಡಳಿ ಒಂದು ನಿರ್ಣಯ ಮಾಡಿ ಬರೆದಿಟ್ಟರೆ ಸಾಕು. ಕಾಂಪೌಂಡ್ ಗೋಡೆಗೆ ಬಣ್ಣ ಹೊಡೆಸಲು ಇದನ್ನು ಬಳಸಿದ್ದು ಕೇಳಿದ್ದೇನೆ. ನಿಯಮ ಮುರಿಯದೇ ಇರಬಹುದು, ಆದರೆ ಮುಂದಿನ ಸಲ ಆ ಮೇಷ್ಟ್ರು ಅರ್ಜಿ ಹಾಕಲು ಮನಸ್ಸು ಮಾಡುವುದಿಲ್ಲ.

ಎಷ್ಟು ರೂಪಾಯಿವರೆಗೆ ಕೊಟೇಶನ್ ಇಲ್ಲದೆ ಕೊಳ್ಳಬಹುದು?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಇದಕ್ಕೆ ಎಲ್ಲ ಕಾಲೇಜಿಗೂ ಹೊಂದುವ ಒಂದೇ ಉತ್ತರ ಇಲ್ಲ.

ಜಿಎಫ್‌ಆರ್ 2017 ಬಂದಾಗ 25,000 ರೂಪಾಯಿವರೆಗೆ ಕೊಟೇಶನ್ ಇಲ್ಲದೆ, ಅಲ್ಲಿಂದ 2.5 ಲಕ್ಷದವರೆಗೆ ಮೂವರ ಖರೀದಿ ಸಮಿತಿಯ ಮೂಲಕ ಅಂತ ಇತ್ತು. ಆಮೇಲೆ ಮಿತಿಗಳು ಏರಿವೆ. 2025ರ ಜೂನ್‌ನಲ್ಲಿ ಹಣಕಾಸು ಸಚಿವಾಲಯ ಕೇಂದ್ರದ ವೈಜ್ಞಾನಿಕ ಸಂಸ್ಥೆಗಳಿಗೆ ಇದನ್ನು 2 ಲಕ್ಷ ಮತ್ತು 25 ಲಕ್ಷಕ್ಕೆ ಏರಿಸಿತು. ಪೇಪರಿನಲ್ಲಿ ಇದನ್ನು ಓದಿದವರು ನಮ್ಮ ಕಾಲೇಜಿಗೂ ಹೀಗೇ ಅಂದುಕೊಂಡರು. ಅದು ನಿಮಗೆ ಅನ್ವಯ ಆಗುತ್ತದಾ ಅಂತ ಏಜೆನ್ಸಿಯ ಪತ್ರ ಇಲ್ಲದೆ ಮುಂದೆ ಹೋಗಬೇಡಿ. ಸರ್ಕಾರಿ ಕಾಲೇಜು, ಸರ್ಕಾರಿ ವಿಶ್ವವಿದ್ಯಾಲಯ ಆಗಿದ್ದರೆ ಸರ್ಕಾರಿ ಖರೀದಿಗೆ ಇರುವ ನಮ್ಮ ರಾಜ್ಯದ ಕೆಟಿಪಿಪಿ ಕಾಯ್ದೆ, 1999 ಕೂಡ ನೋಡಬೇಕು. ಖಾಸಗಿ ಕಾಲೇಜಿಗೆ ತನ್ನದೇ ಖರೀದಿ ನಿಯಮ ಇರುತ್ತದೆ, ಇಲ್ಲದಿದ್ದರೆ ಬರೆದು ಮಂಡಳಿಯಿಂದ ಒಪ್ಪಿಗೆ ಪಡೆದುಕೊಳ್ಳಿ. ಎರಡು ನಿಯಮ ಇದ್ದಾಗ ಬಿಗಿಯಾದದ್ದನ್ನು ಹಿಡಿದರೆ ನಿದ್ದೆ ಚೆನ್ನಾಗಿ ಬರುತ್ತದೆ.

ಮಿತಿಗಿಂತ ಮುಖ್ಯವಾದದ್ದು ಇನ್ನೊಂದಿದೆ. ಒಂದೇ ಖರೀದಿಯನ್ನು ಒಡೆದು ಸಣ್ಣ ಸಣ್ಣ ಬಿಲ್ಲು ಮಾಡಬೇಡಿ. ಒಂದೇ ಅಂಗಡಿ, ಒಂದೇ ವಾರ, ನಾಲ್ಕು ಬಿಲ್ಲು, ಎಲ್ಲವೂ ಮಿತಿಗಿಂತ ಸ್ವಲ್ಪ ಕಡಿಮೆ. ಆಡಿಟ್‌ನವರು ಮೊದಲು ಹುಡುಕುವುದೇ ಇದನ್ನು. ಹಾಗೆಯೇ ಮೂರು ಕೊಟೇಶನ್ನಿನಲ್ಲೂ ಒಂದೇ ಕಾಗುಣಿತದ ತಪ್ಪು ಇದ್ದರೆ ಅವು ಒಂದೇ ಕಡೆಯಿಂದ ಬಂದವು ಅಂತ ಯಾರಿಗಾದರೂ ತಿಳಿಯುತ್ತದೆ. ಸಪ್ಲೈಯರ್ ‘ಮೂರನ್ನೂ ನಾನೇ ತಂದುಕೊಡ್ತೀನಿ ಸರ್’ ಅಂದರೆ ಅಲ್ಲೇ ಬೇಡ ಅನ್ನಿ.

ಕೆಲವು ಉಪಕರಣ, ಕೆಲವು ಕೆಮಿಕಲ್ ಒಂದೇ ಕಂಪನಿ ಮಾಡುತ್ತದೆ. ಆಗ ಬೇರೆ ಯಾವುದೂ ಯಾಕೆ ಆಗಲ್ಲ ಅಂತ ಪಿಐ ಕಾರಣ ಬರೆದು ಪ್ರೊಪ್ರೈಟರಿ ಸರ್ಟಿಫಿಕೇಟ್ ಕೊಡಬೇಕು. ‘ಈ ಬ್ರ್ಯಾಂಡ್ ಚೆನ್ನಾಗಿದೆ’ ಅನ್ನುವುದು ಕಾರಣ ಅಲ್ಲ. ಕೊಟೇಶನ್, ಕಂಪ್ಯಾರಟಿವ್ ಸ್ಟೇಟ್‌ಮೆಂಟ್, ಸಮಿತಿಯ ಮಿನಿಟ್ಸ್, ಆರ್ಡರ್, ಬಿಲ್ಲು, ಸ್ಟಾಕ್ ಎಂಟ್ರಿ, ಇವು ಇದೇ ಕ್ರಮದ ತಾರೀಖಿನಲ್ಲಿ ಇರಬೇಕು. ಆರ್ಡರ್ ಕೊಟ್ಟ ಮೇಲೆ ಮಿನಿಟ್ಸ್ ಬರೆದರೆ ತಾರೀಖೇ ಹೇಳಿಬಿಡುತ್ತದೆ.

ಪ್ರಾಜೆಕ್ಟಿನಲ್ಲಿ ಕೊಂಡ ವಸ್ತು ಯಾರದು?

ಸಾಮಾನ್ಯವಾಗಿ ಕಾಲೇಜಿನಲ್ಲೇ ಉಳಿಯುತ್ತದೆ, ಆದರೆ ಏಜೆನ್ಸಿಯ ಒಪ್ಪಿಗೆ ಇಲ್ಲದೆ ಮಾರುವ, ಗುಜರಿಗೆ ಹಾಕುವ, ಬೇರೆಯವರಿಗೆ ಕೊಡುವ ಹಾಗಿಲ್ಲ. ಕೇಂದ್ರದ ಹಣದಿಂದ ಕೊಂಡ ಸ್ಥಿರ ವಸ್ತುಗಳ ರಿಜಿಸ್ಟರಿಗೆ ಜಿಎಫ್‌ಆರ್-22 ನಮೂನೆ ಇದೆ, ಖರ್ಚಾಗುವ ವಸ್ತುಗಳಿಗೆ ಜಿಎಫ್‌ಆರ್-23. ವರ್ಷಕ್ಕೊಮ್ಮೆ ಕಣ್ಣಾರೆ ನೋಡಿ ಎಣಿಸಿ ಸಹಿ ಹಾಕಬೇಕು. ಪ್ರತಿ ವಸ್ತುವಿನ ಮೇಲೂ ಪ್ರಾಜೆಕ್ಟ್ ನಂಬರ್ ಪೇಂಟಿನಲ್ಲಿ ಬರೆಸಿ. ಪ್ರಾಜೆಕ್ಟ್ ಲ್ಯಾಪ್‌ಟಾಪ್ ಮನೆಗೆ ಒಯ್ಯಬಹುದಾ ಅಂತ ಕೇಳುತ್ತಾರೆ. ಇಷ್ಯೂ ರಿಜಿಸ್ಟರಿನಲ್ಲಿ ಸಹಿ ಹಾಕಿ ಒಯ್ದು, ಕೇಳಿದಾಗ ತಂದು ತೋರಿಸಿದರೆ ತೊಂದರೆ ಇಲ್ಲ.

ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ) ನೇಮಕ ಹೇಗೆ? ಸ್ಟೈಪೆಂಡ್ ಎಷ್ಟು? ಹಣ ಬರುವುದು ತಡವಾದರೆ ಏನು ಮಾಡಬೇಕು?

ಜಾಹೀರಾತು ಕೊಟ್ಟು, ಆಯ್ಕೆ ಸಮಿತಿ ಮಾಡಿ, ಸಂದರ್ಶನ ನಡೆಸಿ, ಅಂಕಪಟ್ಟಿ ಸಮೇತ ಮಿನಿಟ್ಸ್ ಬರೆದು ತಗೊಳ್ಳಬೇಕು. ಜೆಆರ್‌ಎಫ್ ಹುದ್ದೆಗೆ ನೆಟ್ ಅಥವಾ ಗೇಟ್ ಥರದ ಅರ್ಹತೆ ಬೇಕು. ಅದಿಲ್ಲದವರಿಗೆ ಬೇರೆ ಹೆಸರಿನ, ಕಡಿಮೆ ಸಂಬಳದ ಹುದ್ದೆ ಇರುತ್ತದೆ. ನಮ್ಮದೇ ಕಾಲೇಜಿನ ಬುದ್ಧಿವಂತ ಹುಡುಗಿ ಇದ್ದಾಳೆ, ಅವಳನ್ನೇ ತಗೊಳ್ತೀವಿ ಅನ್ನೋದು ಒಳ್ಳೆಯ ಮನಸ್ಸಿನಿಂದ ಬಂದ ಮಾತೇ. ಆದರೂ ಜಾಹೀರಾತು ಕೊಡಿ. ಅವಳು ನಿಜಕ್ಕೂ ಬುದ್ಧಿವಂತೆಯಾಗಿದ್ದರೆ ಹೇಗೂ ಆಯ್ಕೆಯಾಗುತ್ತಾಳೆ, ಮತ್ತು ಯಾರೂ ಅವಳ ಮೇಲೆ ಬೆರಳು ತೋರಿಸುವಂತಿಲ್ಲ.

2023ರ ಜೂನ್ ಆದೇಶದ ಪ್ರಕಾರ ಜೆಆರ್‌ಎಫ್‌ಗೆ ತಿಂಗಳಿಗೆ 37,000, ಎಸ್‌ಆರ್‌ಎಫ್‌ಗೆ (ಸೀನಿಯರ್ ರಿಸರ್ಚ್ ಫೆಲೋ) 42,000 ರೂಪಾಯಿ. ಅದು 2023ರ ಜನವರಿ 1ರಿಂದಲೇ ಜಾರಿ. ಹಾಸ್ಟೆಲ್ ಕೊಡದಿದ್ದರೆ ಕೇಂದ್ರ ಸರ್ಕಾರದ ದರದಲ್ಲಿ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಸೇರುತ್ತದೆ: ಬೆಂಗಳೂರಿಗೆ ಶೇ 30, ಮೈಸೂರು ಮಂಗಳೂರಿನಂಥ ಊರಿಗೆ ಶೇ 20, ಉಳಿದ ಕಡೆ ಶೇ 10. ಅಂದರೆ ಮೈಸೂರಿನ ಜೆಆರ್‌ಎಫ್‌ಗೆ 7,400 ರೂಪಾಯಿ ಎಚ್‌ಆರ್‌ಎ. ಹಳೆಯ ದರದಲ್ಲೇ ಕೊಡುತ್ತಿರುವ ಕಡೆ ಮಕ್ಕಳು ಕೇಳಲು ಹೆದರುತ್ತಾರೆ. ಅವರು ಕೇಳುವವರೆಗೆ ಕಾಯಬೇಡಿ, ಏಜೆನ್ಸಿಗೆ ನೀವೇ ಬರೆದು ಹೊಸ ದರಕ್ಕೆ ಹೆಚ್ಚುವರಿ ಮಂಜೂರಾತಿ ಕೇಳಿ. ಮಹಿಳಾ ಫೆಲೋಗಳಿಗೆ ಪೂರ್ತಿ ಸ್ಟೈಪೆಂಡ್ ಸಮೇತ ಹೆರಿಗೆ ರಜೆ ಇದೆ. ಇದನ್ನು ನೇಮಕ ಪತ್ರದಲ್ಲೇ ಬರೆದುಬಿಡಿ.

ಈಗ ತಡದ ವಿಷಯಕ್ಕೆ ಬರೋಣ. ಎರಡನೇ ವರ್ಷದ ಕಂತು ತಡವಾಗುವುದು ಸಾಮಾನ್ಯ. ಕೆಲವು ಸಲ ತಪ್ಪು ದೆಹಲಿಯದ್ದು, ಅನೇಕ ಸಲ ನಮ್ಮದೇ. ಮೊದಲ ವರ್ಷದ ಯುಸಿ ಹೋಗಿರುವುದಿಲ್ಲ, ಹೋಗಿದ್ದರೂ ಒಂದು ಸಹಿ ಬಿಟ್ಟುಹೋಗಿರುತ್ತದೆ, ಅದನ್ನು ಕೇಳಿ ಬಂದ ಇಮೇಲ್ ಯಾರೂ ತೆರೆಯದ ಕಾಲೇಜಿನ ಐಡಿಯಲ್ಲಿ ಬಿದ್ದಿರುತ್ತದೆ. ಅಷ್ಟರಲ್ಲಿ ಬಾಡಿಗೆ ರೂಮಿನಲ್ಲಿರುವ ಹುಡುಗನಿಗೆ ತಿಂಗಳುಗಟ್ಟಲೆ ಸ್ಟೈಪೆಂಡ್ ಇಲ್ಲ. ಮನೆಯಲ್ಲಿ ‘ಕೆಲಸ ಸಿಕ್ಕಿದೆ’ ಅಂತ ಹೇಳಿ ಬಂದಿರುತ್ತಾನೆ. ಊರಿಂದ ದುಡ್ಡು ಕೇಳಲು ನಾಚಿಕೆ. ಮೆಸ್ ಬಿಲ್ಲು ಸ್ನೇಹಿತರು ಕಟ್ಟುತ್ತಾರೆ. ಪಿಐ ಹತ್ತಿರ ಕೇಳಿದರೆ ಆಫೀಸು ಅಂತಾರೆ, ಆಫೀಸಿನಲ್ಲಿ ಕೇಳಿದರೆ ಪಿಎಫ್‌ಎಂಎಸ್ ಅಂತಾರೆ. ಒಳ್ಳೆಯ ಸಂಶೋಧಕರಾಗಬಹುದಾಗಿದ್ದ ಮಕ್ಕಳು ಹೀಗೆ ಬೇಸತ್ತು ಕೋಚಿಂಗ್ ಸೆಂಟರಿಗೋ ಕಾಲ್ ಸೆಂಟರಿಗೋ ಹೋಗಿಬಿಡುತ್ತಾರೆ. ಅವರು ಬಿಟ್ಟುಹೋದರು ಅಂತ ನಾವು ವರದಿಯಲ್ಲಿ ಒಂದು ಸಾಲು ಬರೆಯುತ್ತೇವೆ. ನನಗೆ ಈ ಇಡೀ ಕೆಲಸದಲ್ಲಿ ಜಾಸ್ತಿ ಬೇಜಾರಾಗುವುದು ಇದಕ್ಕೇ.

ಮಾಡಬಹುದಾದದ್ದು ಇದೆ. ಮುಂದಿನ ಕಂತಿಗೆ ಬೇಕಾದ ಕಾಗದವನ್ನು ಏಪ್ರಿಲ್ ಮೊದಲ ವಾರದಲ್ಲೇ ಶುರು ಮಾಡಿ. ಕಾಲೇಜಿನ ನಿಧಿಯಿಂದ ಮೂರು ತಿಂಗಳ ಸ್ಟೈಪೆಂಡ್ ಮುಂಗಡ ಕೊಟ್ಟು, ಹಣ ಬಂದಾಗ ಸರಿಹೊಂದಿಸಲು ಮಂಡಳಿಯ ನಿರ್ಣಯ ಮಾಡಿಟ್ಟುಕೊಳ್ಳಿ. ಜೀರೋ ಬ್ಯಾಲೆನ್ಸ್ ಖಾತೆಯಿಂದ ಕಾಲೇಜಿಗೆ ಹಾಗೆ ವಾಪಸ್ ತಗೊಳ್ಳಬಹುದಾ ಅಂತ ಮೊದಲೇ ಏಜೆನ್ಸಿಗೆ ಬರೆದು ಉತ್ತರ ಪಡೆದಿರಿ. ಮತ್ತು ಆ ಹುಡುಗನಿಗೆ ನಿಜ ಹೇಳಿ. ಕಾಗದ ಎಲ್ಲಿದೆ, ಯಾವಾಗ ಹೋಯಿತು, ಯಾರ ಹತ್ತಿರ ಇದೆ ಅಂತ. ನೇಮಕದ ದಿನವೇ ‘ಕೆಲವು ಸಲ ತಡವಾಗುತ್ತಪ್ಪಾ, ಸ್ವಲ್ಪ ಕೈಯಲ್ಲಿ ಇಟ್ಟುಕೋ’ ಅಂತ ಹೇಳುವುದೂ ಒಳ್ಳೆಯದು.

ಯುಸಿ ಅಂದ್ರೇನು? ಇಷ್ಟೊಂದು ತಲೆನೋವು ಯಾಕೆ?

ಕೊಟ್ಟ ಹಣವನ್ನು ಕೊಟ್ಟ ಉದ್ದೇಶಕ್ಕೇ ಬಳಸಿದ್ದೇವೆ ಅಂತ ಕಾಲೇಜು ಬರೆದುಕೊಡುವ ಪ್ರಮಾಣಪತ್ರ ಅದು. ಕೇಂದ್ರದ ಗ್ರಾಂಟಿಗೆ ಜಿಎಫ್‌ಆರ್ 12-ಎ ನಮೂನೆ. ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ಕೊಡಬೇಕು ಅಂತ ನಿಯಮ ಹೇಳುತ್ತದೆ. ಆದರೆ ಮುಂದಿನ ಕಂತು ಅದಕ್ಕೇ ಕಾಯುತ್ತಿರುವುದರಿಂದ 12 ತಿಂಗಳು ಅನ್ನೋದನ್ನ ಮರೆತುಬಿಡಿ. ಜೂನ್ ಒಳಗೆ ಕಳಿಸಿ.

ಉಪಕರಣದ ಹಣಕ್ಕೆ ಒಂದು, ಉಳಿದ ಖರ್ಚಿಗೆ ಒಂದು ಅಂತ ಬೇರೆ ಬೇರೆ ಯುಸಿ ಕೇಳುತ್ತಾರೆ. ಜೊತೆಗೆ ಖರ್ಚಿನ ಪಟ್ಟಿ, ಅಂದರೆ ಎಸ್‌ಇ. ಹಿಂದಿನ ವರ್ಷದ ಯುಸಿಯಲ್ಲಿ ಉಳಿಕೆ ಅಂತ ತೋರಿಸಿದ ಮೊತ್ತವೇ ಈ ವರ್ಷದ ಆರಂಭದ ಮೊತ್ತ ಆಗಿರಬೇಕು, ಪೈಸೆ ಸಮೇತ. ವಾಪಸ್ ಬರುವ ಯುಸಿಗಳಲ್ಲಿ ಈ ತಪ್ಪೇ ಹೆಚ್ಚು. ಆರ್ಡರ್ ಕೊಟ್ಟು ಇನ್ನೂ ಹಣ ಕೊಡದೇ ಇದ್ದರೆ ಅದು ಖರ್ಚಲ್ಲ, ಬದ್ಧ ವೆಚ್ಚ. ಅದನ್ನು ಬೇರೆ ಕಾಲಮ್ಮಿನಲ್ಲಿ ತೋರಿಸಿ.

ಆಡಿಟರ್ ಹತ್ತಿರ ವರ್ಷಕ್ಕೊಮ್ಮೆ ಚೀಲ ತುಂಬಾ ವೋಚರ್ ಒಯ್ಯುವುದಕ್ಕಿಂತ, ಪ್ರತಿ ತಿಂಗಳು ಐದನೇ ತಾರೀಖಿಗೆ ಪಿಐಗೂ ಆಫೀಸಿಗೂ ಲೆಕ್ಕ ತಾಳೆ ನೋಡುವ ಅಭ್ಯಾಸ ಮಾಡಿ. ಅರ್ಧ ಗಂಟೆ ಸಾಕು.

ಒಂದು ಹೆಡ್ ಹಣ ಇನ್ನೊಂದಕ್ಕೆ ಬಳಸಬಹುದಾ?

ಏಜೆನ್ಸಿಯ ಲಿಖಿತ ಒಪ್ಪಿಗೆ ಇದ್ದರೆ ಬಳಸಬಹುದು. ಆದೇಶದಲ್ಲೇ ಸ್ವಲ್ಪ ಸಡಿಲಿಕೆ ಕೊಟ್ಟಿದ್ದರೆ ಅಷ್ಟಕ್ಕೆ ಮಾತ್ರ. ಉಪಕರಣದಲ್ಲಿ ಉಳಿದ ಹಣವನ್ನು ಪ್ರಯಾಣಕ್ಕೆ ಹಾಕುವ ಆಸೆ ಬೇಡ. ಮತ್ತು ಖರ್ಚು ಮಾಡಿ ಆಮೇಲೆ ಒಪ್ಪಿಗೆ ಕೇಳುವುದು ಬೇಡವೇ ಬೇಡ.

ಪ್ರಯಾಣ ಭತ್ಯೆಗೆ ಟ್ಯಾಕ್ಸಿ ಬಿಲ್ಲು ಹಾಕಬಹುದಾ?

ಫೀಲ್ಡ್ ವರ್ಕಿಗೆ ಮಂಜೂರಾಗಿದ್ದರೆ, ಮುಂಚೆ ಅನುಮತಿ ಪಡೆದಿದ್ದರೆ ಹಾಕಬಹುದು. ಎಲ್ಲಿಗೆ, ಯಾಕೆ, ಎಷ್ಟು ಕಿಲೋಮೀಟರ್ ಅಂತ ಬರೆದ ಟೂರ್ ಡೈರಿ ಲಗತ್ತಿಸಿ. ವಿದೇಶ ಪ್ರಯಾಣ ಆದೇಶದಲ್ಲಿ ಸ್ಪಷ್ಟವಾಗಿ ಇಲ್ಲದಿದ್ದರೆ ಇಲ್ಲ ಅಂತಲೇ ತಿಳಿಯಿರಿ.

ಅಮೆರಿಕದಲ್ಲಿರುವ ಹಳೆಯ ವಿದ್ಯಾರ್ಥಿ ಲ್ಯಾಬಿಗೆ ಹಣ ಕಳಿಸ್ತೀನಿ ಅಂತಾರೆ. ತಗೊಳ್ಳಬಹುದಾ?

ಮೊದಲು ಒಂದು ಪ್ರಶ್ನೆ ಕೇಳಿ: ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು? ಇನ್ನೂ ಭಾರತದ ನಾಗರಿಕರಾಗಿದ್ದು, ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಅಲ್ಲಿನ ಪೌರತ್ವ ತಗೊಂಡಿದ್ದರೆ, ಒಸಿಐ ಕಾರ್ಡ್ (ಸಾಗರೋತ್ತರ ಭಾರತೀಯರಿಗೆ ಕೊಡುವ ಕಾರ್ಡ್) ಇದ್ದರೂ, ಅವರ ಹಣ ವಿದೇಶಿ ಮೂಲದ್ದೇ. ಹುಟ್ಟಿದ್ದು ಹಾಸನದಲ್ಲೇ ಆದರೂ ಕಾನೂನಿಗೆ ಅದು ಲೆಕ್ಕಕ್ಕಿಲ್ಲ.

ವಿದೇಶಿ ಹಣಕ್ಕೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ 2010ರ ಅಡಿ ನೋಂದಣಿ ಅಥವಾ ಮುಂಚಿತ ಅನುಮತಿ ಬೇಕು. 2020ರ ತಿದ್ದುಪಡಿ ಆದ ಮೇಲೆ ಹಣ ಮೊದಲು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ಶೇ 20 ಮೀರಬಾರದು, ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸಬಾರದು. ಎಫ್‌ಸಿ-4 ಅನ್ನುವ ವಾರ್ಷಿಕ ರಿಟರ್ನನ್ನು ಡಿಸೆಂಬರ್ 31ರೊಳಗೆ ಹಾಕಬೇಕು. ಪ್ರೀತಿಯಿಂದ ಕಳಿಸುವ ಹಣವನ್ನು ಬೇಡ ಅನ್ನಲು ಸಂಕಟ ಆಗುತ್ತದೆ, ಆದರೆ ನೋಂದಣಿ ಇಲ್ಲದೆ ಒಂದು ರೂಪಾಯಿಯೂ ಸಾಮಾನ್ಯ ಖಾತೆಗೆ ಹಾಕಿಸಿಕೊಳ್ಳಬೇಡಿ.

ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣಕ್ಕೆ ಏನು ಬೇಕು?

ಕಾಲೇಜು ನಡೆಸುವ ಟ್ರಸ್ಟಿಗೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ (ದತ್ತಿ ಸಂಸ್ಥೆಗಳಿಗೂ ದಾನಿಗಳಿಗೂ ತೆರಿಗೆ ರಿಯಾಯಿತಿ ಕೊಡುವಂಥದ್ದು), ಜೊತೆಗೆ ಸಿಎಸ್‌ಆರ್ ಹಣ ಪಡೆಯುವವರ ನೋಂದಣಿಯಾದ ಸಿಎಸ್‌ಆರ್-1 ನಂಬರ್. ಇದು 2021ರ ಏಪ್ರಿಲ್‌ನಿಂದ ಕಡ್ಡಾಯ. ಒಪ್ಪಂದ ಪತ್ರದಲ್ಲಿ ಕಂಪನಿ ಬದಲಿಗೆ ಏನಾದರೂ ಕೇಳುತ್ತಿದೆಯಾ ನೋಡಿ. ಟೆಸ್ಟಿಂಗ್ ವರದಿ, ಪೇಟೆಂಟ್ ಹಕ್ಕು ಕೇಳಿದರೆ ಅದು ದೇಣಿಗೆಯ ವೇಷದ ಕನ್ಸಲ್ಟೆನ್ಸಿ.

ಸಂಶೋಧನಾ ಗ್ರಾಂಟಿಗೆ ಜಿಎಸ್‌ಟಿ ಕಟ್ಟಬೇಕಾ?

2024ರಲ್ಲಿ ಐಐಟಿಗಳಂಥ ದೊಡ್ಡ ಸಂಸ್ಥೆಗಳಿಗೇ ನೋಟಿಸ್ ಹೋಗಿ ಎಲ್ಲರಿಗೂ ಗಾಬರಿ ಆಗಿತ್ತು. ಆ ವರ್ಷದ ಸೆಪ್ಟೆಂಬರಿನ ಜಿಎಸ್‌ಟಿ ಮಂಡಳಿ ಸಭೆಯಲ್ಲಿ ವಿನಾಯಿತಿ ತೀರ್ಮಾನವಾಗಿ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಸರ್ಕಾರಿ ಸಂಸ್ಥೆಗಳಿಗೆ, ಮತ್ತು ಆದಾಯ ತೆರಿಗೆ ಕಾಯ್ದೆಯ 35ನೇ ಕಲಮಿನಡಿ ಅಧಿಸೂಚಿತವಾದ ಕಾಲೇಜುಗಳಿಗೆ ಅದು ಸಿಗುತ್ತದೆ. ನಿಮ್ಮ ಖಾಸಗಿ ಕಾಲೇಜು ಆ ಪಟ್ಟಿಯಲ್ಲಿದೆಯಾ ಅಂತ ನಿಮ್ಮ ಸಿಎ ಹತ್ತಿರ ಕೇಳಿ ಬರೆಸಿಕೊಳ್ಳಿ.

ಪಿಐಗೆ ವರ್ಗ ಆಯಿತು, ಅಥವಾ ನಿವೃತ್ತಿ ಆದರು. ಪ್ರಾಜೆಕ್ಟ್ ಏನಾಗುತ್ತೆ?

ಸರ್ಕಾರಿ ಪದವಿ ಕಾಲೇಜುಗಳಲ್ಲಿ ಇದು ದೊಡ್ಡ ಪ್ರಶ್ನೆ. ಹಣ ಮಂಜೂರಾಗಿರುವುದು ಸಂಸ್ಥೆಗೆ, ಆದರೆ ಕೆಲಸ ನಡೆಯುವುದು ಆ ವ್ಯಕ್ತಿಯಿಂದ. ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಸ್ಥಳ ಆರಿಸಿಕೊಂಡ ದಿನವೇ ಏಜೆನ್ಸಿಗೆ ಬರೆಯಿರಿ. ಎರಡು ದಾರಿ ಇವೆ: ಕೋ-ಪಿಐ (ಪಿಐ ಜೊತೆಗಿರುವ ಸಹ ಸಂಶೋಧಕರು) ಮುಂದುವರಿಸುವುದು, ಅಥವಾ ಪ್ರಾಜೆಕ್ಟೇ ಹೊಸ ಕಾಲೇಜಿಗೆ ಹೋಗುವುದು. ಎರಡನೆಯದಕ್ಕೆ ಇಬ್ಬರು ಪ್ರಿನ್ಸಿಪಾಲರ ಒಪ್ಪಿಗೆ, ಅವತ್ತಿನವರೆಗಿನ ಯುಸಿ, ಉಪಕರಣದ ಪಟ್ಟಿ ಬೇಕು. ಅರ್ಜಿ ಹಾಕುವಾಗಲೇ ಅದೇ ಕಾಲೇಜಿನ ಒಬ್ಬರನ್ನು ಕೋ-ಪಿಐ ಮಾಡಿಕೊಳ್ಳಿ, ಸುಮ್ನೆ ಹೆಸರಿಗಲ್ಲ, ಕೆಲಸ ಗೊತ್ತಿರುವವರನ್ನು. ರಿಲೀವ್ ಆಗುವ ಮುಂಚೆ ಸ್ಟಾಕ್ ಬುಕ್ ನೋಡಿ ಎಣಿಸಿ ಒಪ್ಪಿಸಿ, ಇಬ್ಬರೂ ಸಹಿ ಹಾಕಿ.

ಅವಧಿ ಮುಗಿಯುತ್ತಾ ಬಂತು, ಕೆಲಸ ಉಳಿದಿದೆ.

ಹೆಚ್ಚಿನ ಹಣ ಕೇಳದೆ ಸಮಯ ಮಾತ್ರ ಕೇಳುವ ಅರ್ಜಿ ಹಾಕಿ. ಮುಗಿಯುವ ಮೂರು ನಾಲ್ಕು ತಿಂಗಳ ಮುಂಚೆಯೇ. ಏನು ಮುಗಿದಿದೆ, ಏನು ಉಳಿದಿದೆ, ಯಾಕೆ ಅಂತ ನೇರವಾಗಿ ಬರೆಯಿರಿ. ಅವಧಿ ಮುಗಿದ ಮೇಲೆ ಬರುವ ಅರ್ಜಿಗೆ ಬೆಲೆ ಇಲ್ಲ. ಮತ್ತು ಆ ಹೆಚ್ಚುವರಿ ತಿಂಗಳುಗಳಿಗೆ ಜೆಆರ್‌ಎಫ್ ಸ್ಟೈಪೆಂಡ್ ಎಲ್ಲಿಂದ ಅನ್ನೋದನ್ನೂ ಅದೇ ಪತ್ರದಲ್ಲಿ ಬರೆಯಿರಿ.

ನಮ್ಮದು ತಾಲ್ಲೂಕಿನ ಸಣ್ಣ ಕಾಲೇಜು. ಇಷ್ಟೆಲ್ಲ ಆಗುತ್ತಾ?

ಆಗುತ್ತೆ. ಚಿಕ್ಕದರಿಂದ ಶುರು ಮಾಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕೆಎಸ್‌ಸಿಎಸ್‌ಟಿ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ಸಣ್ಣ ಮೊತ್ತ ಕೊಡುತ್ತದೆ. ಹಣ ಕಡಿಮೆ, ಆದರೆ ಅರ್ಜಿ, ಖರ್ಚು, ಯುಸಿ, ವರದಿ ಎಲ್ಲ ಕಲಿಯಲು ಅದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ವಿಜಿಎಸ್‌ಟಿ ಯೋಜನೆಗಳನ್ನು ಆಮೇಲೆ ನೋಡಿ. ಪಕ್ಕದ ತಾಲ್ಲೂಕಿನ ಕಾಲೇಜಿನಲ್ಲಿ ಒಮ್ಮೆ ಪ್ರಾಜೆಕ್ಟ್ ಮುಗಿಸಿದ ಸೂಪರಿಂಟೆಂಡೆಂಟ್ ಒಬ್ಬರು ಇದ್ದೇ ಇರುತ್ತಾರೆ. ಅವರ ಹತ್ತಿರ ಒಂದು ದಿನ ಕೂತು ಅವರ ಫೈಲು ನೋಡಿ.

ಪ್ರಾಜೆಕ್ಟ್ ಮುಗಿಯಿತು. ಫೈಲು ಎಸೆಯಬಹುದಾ?

ಬೇಡ. ಅಂತಿಮ ಯುಸಿ, ಉಳಿದ ಹಣ ವಾಪಸ್ ಕಟ್ಟಿದ ರಸೀದಿ, ಮುಕ್ತಾಯ ವರದಿ ಕಳಿಸಿದ ಮೇಲೂ ಏಜೆನ್ಸಿಯಿಂದ ‘ಲೆಕ್ಕ ಮುಕ್ತಾಯವಾಗಿದೆ’ ಅನ್ನುವ ಪತ್ರ ಬರಬೇಕು. ಅದು ತಾನಾಗಿ ಬರುವುದು ಕಡಿಮೆ, ಬರೆದು ಕೇಳಬೇಕು. ಗ್ರಾಂಟಿನ ಲೆಕ್ಕವನ್ನು ಹಣ ಕೊಟ್ಟ ಇಲಾಖೆಯೂ ಸಿಎಜಿ (ಸರ್ಕಾರದ ಲೆಕ್ಕ ಪರಿಶೋಧಕರು) ಕಡೆಯವರೂ ತಪಾಸಣೆ ಮಾಡಬಹುದು. ಆದ್ದರಿಂದ ಆ ಪತ್ರ ಬಂದು, ಆಡಿಟ್ ಆಕ್ಷೇಪಣೆ ಎಲ್ಲ ತೀರುವವರೆಗೆ ಮೂಲ ವೋಚರ್ ಇಡಿ. ಥರ್ಮಲ್ ಪೇಪರಿನ ಬಿಲ್ಲುಗಳ ಅಕ್ಷರ ಮಾಸಿಹೋಗುತ್ತದೆ, ಬಂದ ದಿನವೇ ಜೆರಾಕ್ಸ್ ತೆಗೆದು ಜೊತೆಗೆ ಪಿನ್ ಮಾಡಿ. ಸ್ಕ್ಯಾನ್ ಮಾಡಿದ ಪ್ರತಿ ಪಿಐ ಹತ್ತಿರ ಒಂದು, ಆಫೀಸಿನಲ್ಲಿ ಒಂದು ಇರಲಿ.